ತಲೆಯಾಡಿಸದ ಮರಿಯಮ್ಮ

ಪಟ್ಟಂದೂರು ಅಗ್ರಹಾರಕ್ಕೆ ಇನ್ನೂ ಬೆಳಕು ಬಿದ್ದಿಲ್ಲ. ಪಕ್ಕದ ಐಟಿ ಪಾರ್ಕಿನ ಗಾಜಿನ ಮಾಳಿಗೆಗಳಲ್ಲಿ ಮಾತ್ರ ಯಾರಿಗೂ ಬೇಡದ ದೀಪಗಳು ರಾತ್ರಿಯಿಡೀ ಉರಿದು ಇನ್ನೂ ಉರಿಯುತ್ತಿವೆ. ಮುಖ್ಯರಸ್ತೆಯ ತಿರುವಿನಲ್ಲಿ ತರಕಾರಿ ಲಾರಿಯೊಂದು ಹಿಂಬಾಗಿಲು ತೆರೆದು ನಿಂತಿದೆ. ಅಲ್ಲಿಂದ ಒಳಕ್ಕೆ ಲಾರಿ ಹೋಗದು, ಆಟೊ ಹೋಗದು. ಎರಡು ಬೈಕು ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಪಿ.ಜಿ.ಗಳು ಬಾಲ್ಕನಿಗೆ ಬಾಲ್ಕನಿ ತಾಗಿಸಿಕೊಂಡು ಎದ್ದು ನಿಂತಿರುವ ಗಲ್ಲಿಗಳವು. ಅಲ್ಲಿನ ಅಡುಗೆಮನೆಗಳಿಗೆ ಸೊಪ್ಪು, ಈರುಳ್ಳಿ, ಟೊಮೆಟೊ, ಆಲೂಗಡ್ಡೆ ಹೋಗುವುದು ಹೆಂಗಸರ ತಲೆಯ ಮೇಲೆ.

ಮರಿಯಮ್ಮ ಹಳೆಯ ಸೀರೆಯ ಚೂರನ್ನು ಸುತ್ತಿ ಸಿಂಬೆ ಮಾಡಿ ನೆತ್ತಿಗಿಟ್ಟುಕೊಳ್ಳುತ್ತಾರೆ. ಮೊಣಕಾಲು ಸ್ವಲ್ಪ ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ಲಾರಿಯ ಮೇಲಿನ ಮುತ್ತಣ್ಣ ಇಳಿಸುವ ಪ್ಲಾಸ್ಟಿಕ್ ಕ್ರೇಟನ್ನು ತಲೆಗೆ ತೆಗೆದುಕೊಳ್ಳುತ್ತಾರೆ. "ಕೂತ್ತಾ?" ಎನ್ನುತ್ತಾನೆ ಮುತ್ತಣ್ಣ. "ಕೂತ್ತು ಬಿಡು," ಎನ್ನುತ್ತಾರೆ ಇವರು. ಅಲ್ಲಿಂದ ಮುಂದೆ ಆ ಕತ್ತು ಆ ಕಡೆ ಈ ಕಡೆ ಹೊರಳುವುದಿಲ್ಲ. ನಾಯಿ ಅಡ್ಡ ಬಂದರೆ ಕಣ್ಣು ಇಳಿಯುತ್ತದೆ, ಬೈಕು ಬಂದರೆ ಭುಜ ಗೋಡೆಗೆ ಸರಿಯುತ್ತದೆ. ತಲೆ ಮಾತ್ರ ಗೂಟ ಹೊಡೆದ ಹಾಗೆ ನಿಂತಿರುತ್ತದೆ.

ಗಲ್ಲಿಯ ಅರ್ಧ ದಾರಿಯಲ್ಲಿ ಅವರ ಬಲಗಿವಿಯೊಳಗೆ ಹೆಣ್ಣುದನಿಯೊಂದು ಏಳುತ್ತದೆ. ಸಕ್ಕರೆಪಾಕದಲ್ಲಿ ಅದ್ದಿ ತೆಗೆದ ದನಿ. ‘ಹೊಸ ಆರ್ಡರ್ ಬಂದಿದೆ. ಒಪ್ಪಿಗೆಗೆ ತಲೆಯಾಡಿಸಿ.’

ಮರಿಯಮ್ಮ ಆಡಿಸುವುದಿಲ್ಲ. ದನಿ ಮತ್ತೆ ಕೇಳುತ್ತದೆ. ಮತ್ತೂ ಕೇಳುತ್ತದೆ.

"ಕೂಗ್ಕಳವ್ವ, ಕೂಗ್ಕ. ನಿಂಗೇನು, ನಿನ್ ತಲೆ ಮೇಲೇನೈತೆ," ಎಂದು ಅವರು ಗೊಣಗುತ್ತ ನಡೆಯುತ್ತಾರೆ. ‘ಉತ್ತರ ಬಂದಿಲ್ಲ’ ಎಂದು ಷರಾ ಬರೆದು ದನಿ ಸುಮ್ಮನಾಗುತ್ತದೆ. ಹೀಗೆ ಬಾರದ ಉತ್ತರಗಳು ಹೆಚ್ಚಿದಷ್ಟೂ ತರಕಾರಿ ಸಾಗಿಸುವ ಕಂಪನಿಯ ಆ್ಯಪಿನಲ್ಲಿ ಮರಿಯಮ್ಮನ ನಂಬರು ಕೆಳಕ್ಕಿಳಿಯುತ್ತದೆ. ನಂಬರು ಕೆಳಗಿಳಿದವರಿಗೆ ಮರುದಿನ ಹತ್ತಿರದ ಮನೆಗಳು ಸಿಗುವುದಿಲ್ಲ, ದೂರದ ಗಲ್ಲಿಯ ಮೂರನೇ ಮಹಡಿಗಳು ಸಿಗುತ್ತವೆ. ಮೂರು ವಾರದಿಂದ ಅವರಿಗೆ ಸಿಗುತ್ತಿರುವುದು ಅವೇ. ಆದರೂ ಅವರು ತಲೆಯಾಡಿಸುತ್ತಿಲ್ಲ. ಅವರ ಹಟಕ್ಕೆ ವನಜಾ ಎಂಬ ಹೆಸರಿದೆ.

ಈ ಅಗ್ರಹಾರದ ಮಣ್ಣಿನಲ್ಲೇ ಹುಟ್ಟಿದವರು ಮರಿಯಮ್ಮ. ಆಧಾರ್ ಕಾರ್ಡಿನ ಪ್ರಕಾರ ವಯಸ್ಸು ನಲವತ್ತೊಂಬತ್ತು. "ಅದು ಬರ್ಕಂಡೋನ ಲೆಕ್ಕ, ನಂದಲ್ಲ," ಎಂದು ನಗುತ್ತಾರೆ. ಅವರ ಅಪ್ಪ ಇಲ್ಲಿನ ಹೊಲವೊಂದನ್ನು ವಾರಕ್ಕೆ ಉಳುತ್ತಿದ್ದರು. ಬೆಳೆದುದರಲ್ಲಿ ಅರ್ಧ ಒಡೆಯರಿಗೆ, ಅರ್ಧ ಇವರಿಗೆ. ಐಟಿ ಪಾರ್ಕು ಬಂತು. ಹೊಲಕ್ಕೆ ಚಿನ್ನದ ಬೆಲೆ ಬಂತು. ಬೆಲೆ ಬಂದದ್ದು ಹೊಲಕ್ಕೆ, ಉತ್ತ ಕೈಗಲ್ಲ. ಒಡೆಯರ ಮಗ ಗೋಪಾಲಪ್ಪನವರು ಆ ಜಾಗದಲ್ಲಿ ಸಾಲಾಗಿ ಪಿ.ಜಿ. ಕಟ್ಟಿಸಿದರು. ಮರಿಯಮ್ಮನ ಅವ್ವ ದಂಟಿನ ಸೊಪ್ಪು ಕಿತ್ತು ಕಟ್ಟು ಕಟ್ಟುತ್ತಿದ್ದ ಜಾಗಕ್ಕೆ ಈಗ ಹೊಸೂರು ಕಡೆಯಿಂದ ಲಾರಿಯಲ್ಲಿ ದಂಟಿನ ಸೊಪ್ಪು ಬರುತ್ತದೆ. ಅದನ್ನು ಮರಿಯಮ್ಮ ಹೊತ್ತುಕೊಂಡು ಹೋಗಿ ಗೋಪಾಲಪ್ಪನವರ ಪಿ.ಜಿ.ಯ ಅಡುಗೆಯವನಿಗೆ ಒಪ್ಪಿಸಬೇಕು. ಇದಕ್ಕೆ ಅಭಿವೃದ್ಧಿ ಎಂದು ಹೆಸರು. ಭಾಷಣಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ಓದುಗರು ಆ ಸೊಪ್ಪಿನ ಕಟ್ಟನ್ನೊಮ್ಮೆ ನೆನೆದುಕೊಳ್ಳಲಿ.

ಹೊರೆ ಹೊರುವುದನ್ನು ಕಲಿಸಿದ್ದು ಅವ್ವ. ಸೊಪ್ಪಿನ ಪುಟ್ಟಿ ಹೊತ್ತು ವೈಟ್‌ಫೀಲ್ಡಿನ ಸಂತೆಗೆ ಹೋಗುತ್ತಿದ್ದ ದಿನಗಳವು. "ನಮ್ಮವ್ವ ಏಳೋಳು, ತಲೆ ಮೇಲೆ ಬಾರ ಇದ್ದಾಗ ನೀನು ಮನುಸ್ಯಳಲ್ಲ ಕಣೆ, ಕಂಬ ಅಂತ. ಎದುರಿಗೆ ದೊಡ್ಡೋರು ಬಂದ್ರೂ ಬಗ್ಗಂಗಿಲ್ಲ. ಅವ್ರೂ ಮಾತಾಡಿಸ್ತಿರ್ಲಿಲ್ಲ. ಯಾರಾನ ಮಾತಾಡಿಸಿದ್ರೆ ಬೈತಿದ್ರು, ಬಾರ ಒತ್ತಿರೋಳ್ನ ಯಾಕಲೇ ಕೂಗ್ತೀಯ ಅಂತ." ವಾರದ ಹೊಲವನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡ ಒಡೆಯರು, ಅರ್ಧ ಫಸಲು ಎಣಿಸಿ ಒಯ್ಯುತ್ತಿದ್ದ ಒಡೆಯರು, ಅವರೂ ಈ ಒಂದು ಮರ್ಯಾದೆಯನ್ನು ಮೀರಿರಲಿಲ್ಲ. ಹೊರೆ ಹೊತ್ತವಳು ಪಕ್ಕದಲ್ಲಿ ಹಾದರೆ ಬಾಯಿ ಮುಚ್ಚಿಕೊಂಡು ದಾರಿ ಬಿಡುತ್ತಿದ್ದರು. ಆ್ಯಪಿಗೆ ಅಷ್ಟೂ ಮರ್ಯಾದೆ ಇಲ್ಲ.

ಫೋನು ಬಂದ ಮೇಲೆ ಈ ಹೆಂಗಸರು ಪಟ್ಟ ಪಾಡು ಒಂದು ಪುರಾಣ. ಮೊದಮೊದಲು ಹಬ್‌ನವರು, ಎಂದರೆ ಲಾರಿ ಬಂದು ನಿಲ್ಲುವ ಶೆಡ್ಡಿನವರು, ಕರೆ ಮಾಡಿ ಮುಂದಿನ ಮನೆ ಹೇಳುತ್ತಿದ್ದರು. ಒಂದು ಕೈ ಕ್ರೇಟಿನ ಅಂಚಿಗೆ, ಇನ್ನೊಂದು ಕೈಯಲ್ಲಿ ಕೊತ್ತಂಬರಿ, ಹಸಿಮೆಣಸಿನಕಾಯಿ ಚೀಲ. ಕರೆ ತೆಗೆಯುವುದು ಯಾವ ಕೈಯಲ್ಲಿ? ಮರಿಯಮ್ಮ ಇಯರ್‌ಫೋನಿನ ವೈರನ್ನು ರವಿಕೆಯೊಳಗಿಂದ ಮೇಲಕ್ಕೆ ತಂದು ಅದರ ಗುಂಡಿಯನ್ನು ಹಲ್ಲಿನ ನಡುವೆ ಹಿಡಿದುಕೊಂಡರು. ಕರೆ ಬಂದಾಗ ಒಮ್ಮೆ ಕಚ್ಚಿದರಾಯಿತು. "ಎಂಜಲಿಗೆ ತಿಂಗ್ಳಿಗೊಂದು ವೈರು ಕೆಟ್ಟೋಗದು. ನಮ್ಮನೆಯೋನು ಕೇಳೋನು, ಏನಮ್ಮಿ ವೈರು ತಿಂತೀಯಾ, ಅನ್ನ ಸಾಲ್ದಾ ಅಂತ." ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಾವಲು ಕಾಯುವ ಗಂಡ ಮನೆಗೆ ಬರುವುದು ವಾರಕ್ಕೊಮ್ಮೆ. ಬಂದಾಗಲೆಲ್ಲ ಈ ಹಾಸ್ಯ ನಡೆಯುತ್ತಿತ್ತು.

ಜೊತೆಯ ಗಂಗಮ್ಮ ಕಾಲುಚೀಲದ ತುದಿ ಕತ್ತರಿಸಿ ಅದರಲ್ಲಿ ಫೋನನ್ನು ತೋಳಿಗೆ ಸಿಕ್ಕಿಸಿಕೊಂಡು ಗಲ್ಲದಿಂದ ಒತ್ತುತ್ತಿದ್ದರು. ವನಜಾ ಕೊರಳಿಗೆ ನೇತುಹಾಕಿಕೊಂಡ ಫೋನನ್ನು ಚೀಲ ಹಿಡಿದ ಕೈಯಲ್ಲೇ ಮೇಲಕ್ಕೆತ್ತಿ ಮೂಗಿನ ತುದಿಯಿಂದ ಒತ್ತುತ್ತಿದ್ದರು. "ಅವ್ಳ ಮೂಗು ಉದ್ದ, ಅದ್ಕೇ ಅವ್ಳಿಗೆ ಜಾಸ್ತಿ ಆರ್ಡರು," ಎಂದು ಉಳಿದವರು ರೇಗಿಸುತ್ತಿದ್ದರಂತೆ. ಇದೆಲ್ಲ ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂದು ಆ್ಯಪು ಆಮೇಲೆ ಹೊಸ ವರಸೆ ತೆಗೆಯಿತು. ನಸುಕಿನ ಗಲ್ಲಿಯಲ್ಲಿ ಹೆಂಗಸರು ‘ಒಪ್ಪಿದೆ, ಒಪ್ಪಿದೆ’ ಎಂದು ಕೂಗುತ್ತ ಹೋಗಬೇಕಾಯಿತು. ರಾತ್ರಿಪಾಳಿ ಮುಗಿಸಿ ಮಲಗಿದವರ ನಿದ್ದೆ ಕೆಟ್ಟಿತು. ಒಂದು ದಿನ ಮೇಲಿನ ಬಾಲ್ಕನಿಯಿಂದ ಯಾರೋ ಗಂಗಮ್ಮನ ಮೇಲೆ ಒಂದು ಮಗ್ ನೀರು ಸುರಿದರು. ಪಿ.ಜಿ. ಮಾಲೀಕರು ದೂರು ಕೊಟ್ಟರು. ನೀರು ಸುರಿಸಿಕೊಂಡವರ ದೂರನ್ನು ಯಾರೂ ಕೇಳಲಿಲ್ಲ.

ಆಗ ಬಂದದ್ದು ಕಿವಿಗೆ ಸಿಕ್ಕಿಸುವ ಈ ಸಾಧನ. ಹುರಿದ ಕಡಲೆಬೀಜದಷ್ಟಿದೆ. ಹೆಂಗಸರು ಅದಕ್ಕಿಟ್ಟ ಹೆಸರು ಗುಗ್ಗೆ. ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಒಪ್ಪಿಗೆ, ಪಕ್ಕಕ್ಕೆ ಆಡಿಸಿದರೆ ಬೇಡ ಎಂದು. ಜೊತೆಗೆ, ನಡೆಯುತ್ತಿರುವಾಗ ಫೋನಿನ ಪರದೆ ಒತ್ತಿದರೆ ಕೆಲಸ ಮಾಡದ ಹಾಗೆ ಮಾಡಿದರು. ಸುರಕ್ಷತೆಗಾಗಿ ಎಂದರು. ಕಚ್ಚುವ ಗುಂಡಿ ಹೋಯಿತು, ಗಲ್ಲ ಹೋಯಿತು, ಮೂಗು ಹೋಯಿತು. ನಡೆಯುವವಳಿಗೆ ಉಳಿದದ್ದು ತಲೆಯೊಂದೇ. ಆ ತಲೆಯ ಮೇಲೆ ಆಲೂಗಡ್ಡೆಯ ಕ್ರೇಟು.

ಇದೇ ಸಾಧನದ ಜಾಹೀರಾತು ಹೂಡಿಯ ದೊಡ್ಡ ರಸ್ತೆಯಲ್ಲಿದೆ. ಬಿಳಿ ಬೂಟು ತೊಟ್ಟ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ನಾಯಿಯ ಹಗ್ಗ ಹಿಡಿದು ನಗುತ್ತ ತಲೆಯಾಡಿಸುತ್ತಿದ್ದಾಳೆ. ಅವಳ ತಲೆಯ ಮೇಲೆ ಆಕಾಶ ಬಿಟ್ಟರೆ ಬೇರೇನಿಲ್ಲ. ನಡೆಯುತ್ತ ಕೈ ಬಳಸದೆ ಫೋನು ನಡೆಸುವುದು ಅವಳಿಗೊಂದು ಸುಖ, ಬೇಡವೆನಿಸಿದರೆ ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾಳೆ. ಆ ಸುಖವನ್ನು ತಂದು ಮರಿಯಮ್ಮನ ಕಿವಿಗೆ ತುರುಕಿದಾಗ ಅದು ಮೂಗುದಾರವಾಗುತ್ತದೆ. ಎತ್ತಿಗೆ ಮೂಗುದಾರ ಹಾಕುವ ರೈತನಿಗೂ ನೊಗ ಹೊತ್ತ ಎತ್ತನ್ನು ತಲೆಯಾಡಿಸು ಎಂದು ಕೇಳಬಾರದೆಂಬ ತಿಳಿವಳಿಕೆ ಇರುತ್ತದೆ.

ವನಜಾ ಈ ಕೆಲಸಕ್ಕೆ ಉಳಿದವರಿಗಿಂತ ಹೊಸಬರು. ಆನೇಕಲ್ ಕಡೆಯ ಹೆಣ್ಣುಮಗಳು. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆ ಪ್ಯಾಕು ಮಾಡುತ್ತಿದ್ದರು. ಗುತ್ತಿಗೆ ಮುಗಿಯಿತೆಂದು ಒಂದು ಸಂಜೆ ಗೇಟಿನ ಆಚೆ ನಿಲ್ಲಿಸಿದರು. ಅಕ್ಕನ ಮನೆಯಿದ್ದ ಅಗ್ರಹಾರಕ್ಕೆ ಬಂದು, ಮರಿಯಮ್ಮನ ಹಿಂದೆ ಮುಂದೆ ಓಡಾಡಿ ತಲೆಹೊರೆ ಕಲಿತರು. ಮೂವತ್ತು ದಾಟಿದ ಮೇಲೆ ಕಲಿತ ಕತ್ತು ಅದು. "ಚಿಕ್ಕೋಳಿದ್ದಾಗ ಒತ್ತು ಅಭ್ಯಾಸ ಇರ್ಬೇಕು ಸಾರ್. ಅವ್ಳಿಗೆ ಬಾರ ಒರಾಕೆ ಬಂತು, ಸುಮ್ಕಿರಾಕೆ ಇನ್ನೂ ಬಂದಿರ್ಲಿಲ್ಲ. ಯಾರಾನ ಏನಾನ ಕೇಳಿದ್ರೆ ಹೂಂ ಅಂದ್ಬಿಡೋಳು. ಪಾಪದೋಳು," ಎನ್ನುತ್ತಾರೆ ಮರಿಯಮ್ಮ.

ಮೂರು ವಾರಕ್ಕೂ ಹಿಂದಿನ ಒಂದು ಬೆಳಿಗ್ಗೆ ವನಜಾ ಮುಂದೆ, ಮರಿಯಮ್ಮ ಹಿಂದೆ. ಗಲ್ಲಿಯ ಮೋರಿಯ ಮೇಲಿನ ಚಪ್ಪಡಿಗಳ ಮೇಲೆ ನಡೆಯುತ್ತಿದ್ದರು. ವನಜಾ ಕಿವಿಯಲ್ಲಿ ದನಿ ಎದ್ದಿರಬೇಕು, ಆಕೆ ತಲೆಯಾಡಿಸಿದರು. ಕ್ರೇಟು ಮುಂದಕ್ಕೆ ಜಾರಿತು. ಬಿಟ್ಟಿದ್ದರೆ ಆಲೂಗಡ್ಡೆ ಹೋಗುತ್ತಿತ್ತು ಅಷ್ಟೆ. ಆಲೂಗಡ್ಡೆಯನ್ನು ಉಳಿಸಲು ಆಕೆ ಕತ್ತು ಹಿಂದಕ್ಕೆ ಎಳೆದುಕೊಂಡರು. ಭಾರ ಕತ್ತನ್ನೇ ಎಳೆದುಕೊಂಡು ಹಿಂದಕ್ಕೆ ಬಿತ್ತು.

ಮರಿಯಮ್ಮ ತಮ್ಮ ಹೊರೆಯನ್ನು ಎಸೆದರು. ಜೀವಮಾನದಲ್ಲಿ ಹೊರೆ ಎಸೆದದ್ದು ಅದೊಂದೇ ಸಲ. ಟೊಮೆಟೊ ಮೋರಿಗೆ ಉರುಳಿದವು. ಓಡಿ ಹೋಗಿ ಕೂತು ವನಜಾ ತಲೆಯನ್ನು ಮಡಿಲಿಗೆ ತೆಗೆದುಕೊಳ್ಳಲು ಹೋದರೆ ಆಕೆ ಬೇಡ ಬೇಡ ಎಂದು ಚೀರಿದರು. ಗಲ್ಲಿ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ವನಜಾ ಕಿವಿಯೊಳಗಿನ ದನಿ ಹೊರಕ್ಕೂ ಕೇಳುತ್ತಿತ್ತು. ‘ಹೊಸ ಆರ್ಡರ್ ಬಂದಿದೆ. ಒಪ್ಪಿಗೆಗೆ ತಲೆಯಾಡಿಸಿ.’ ನೋವು ತಾಳಲಾರದೆ ವನಜಾ ಗಲ್ಲ ಎತ್ತಿ ಇಳಿಸಿ ಒದ್ದಾಡುತ್ತಿದ್ದರು. ದನಿ ಹೇಳಿತು: ‘ಧನ್ಯವಾದ. ನೀವು ಆರ್ಡರ್ ಒಪ್ಪಿಕೊಂಡಿದ್ದೀರಿ.’ ಸ್ವಲ್ಪ ಹೊತ್ತಿಗೆ ಮತ್ತೊಂದು ಆರ್ಡರು. ಮತ್ತೊಂದು ಒದ್ದಾಟ. ಮತ್ತೊಂದು ಧನ್ಯವಾದ.

"ನಂಗೆ ಆಗ ಗೊತ್ತಾಯ್ತು ಅದೇನು ಮಾಡ್ತಾ ಐತೆ ಅಂತ. ಕಿವಿಯಿಂದ ಕಿತ್ತು ಮೋರಿಗೆಸ್ದೆ," ಎನ್ನುತ್ತಾರೆ ಮರಿಯಮ್ಮ. ಇದನ್ನು ಹೇಳುವಾಗ ಅವರ ದನಿ ಏರುವುದಿಲ್ಲ. ಕೈ ಮಾತ್ರ ಸೆರಗಿನ ಅಂಚನ್ನು ಹಿಂಡುತ್ತಿರುತ್ತದೆ.

ವನಜಾ ಕತ್ತಿನ ಮೂಳೆಗೆ ಏಟು ಬಿದ್ದಿದೆ. ಕೊರಳಿಗೆ ದಪ್ಪ ಪಟ್ಟಿ ಹಾಕಿದ್ದಾರೆ. ಇನ್ನು ತಲೆಯ ಮೇಲೆ ಭಾರ ಹೊರುವ ಮಾತೇ ಬೇಡ ಎಂದಿದ್ದಾರೆ ವೈದ್ಯರು. ಅವರ ಅಕ್ಕ ಇದ್ದಬದ್ದ ಓಲೆ, ಮೂಗುಬೊಟ್ಟನ್ನು ಅಡವಿಟ್ಟು ಆಸ್ಪತ್ರೆಗೆ ಕಟ್ಟಿದರು. ಬಿದ್ದದ್ದು ಕೆಲಸದ ಹೊತ್ತಿನಲ್ಲಿ, ಕೆಲಸದ ದಾರಿಯಲ್ಲಿ, ಕೆಲಸ ಕೊಟ್ಟವರ ದನಿಗೆ ಓಗೊಟ್ಟು. ಹಾಗಿದ್ದ ಮೇಲೆ ಖರ್ಚು ಕಂಪನಿಯದು ತಾನೇ? ಮರಿಯಮ್ಮ ಮತ್ತು ಗಂಗಮ್ಮ ಹೋಗಿ ಹಬ್‌ನಲ್ಲಿ ಕೇಳಿದ್ದು ಇಷ್ಟನ್ನೇ.

ಹಬ್ ನೋಡಿಕೊಳ್ಳುವವನು ಲಿಖಿತ್. ಗೋಪಾಲಪ್ಪನವರ ಕಿರಿಮಗ. ಮರಿಯಮ್ಮ ಎತ್ತಿ ಆಡಿಸಿದ ಹುಡುಗ. "ಮರಿಯಕ್ಕ, ನಂಗೂ ಬೇಜಾರೇ ಅಕ್ಕ. ಆದ್ರೆ ಸಿಸ್ಟಮ್ಮು, ನನ್ ಕೈಲಿಲ್ಲ," ಎಂದು ಅವನು ಫೋನು ತಿರುಗಿಸಿ ಹಿಡಿದ. ಫೋನಿನೊಳಗೆ ಆಫೀಸಿನ ನಿವೇದಿತಾ ಮೇಡಂ ಇದ್ದರು. ಹೊರಗಿನಿಂದ ಬಂದು ಇಲ್ಲಿ ಅಪಾರ್ಟ್‌ಮೆಂಟು ಕೊಂಡವರು. ದೂರುಗಳನ್ನು ವಿಲೇವಾರಿ ಮಾಡುವುದು ಅವರ ಕೆಲಸ. ಮಾತಿನಲ್ಲಿ ಒರಟುತನವಿಲ್ಲ.

"ಅಮ್ಮಾ, ನಾನು ಪೂರ್ತಿ ಚೆಕ್ ಮಾಡಿಸಿದೀನಿ. ಅವರು ಬಿದ್ದಿದಾರೆ ಅಂತ ನೀವು ಹೇಳೋ ಟೈಮ್ ಆದ್ಮೇಲೆ ಎರಡು ಆರ್ಡರ್ ಆಕ್ಸೆಪ್ಟ್ ಮಾಡಿದಾರೆ. ಅಷ್ಟು ಏಟಾಗಿದ್ರೆ ಆಕ್ಸೆಪ್ಟ್ ಹೇಗೆ ಮಾಡ್ತಾರೆ, ಹೇಳಿ."

"ಒಪ್ಕಂಡಿಲ್ಲ ಕಣಮ್ಮ. ನೋವಿಗೆ ಒದ್ದಾಡ್ತಿದ್ಲು. ನಾನು ಪಕ್ಕದಾಗೇ ಕೂತಿದ್ದೆ."

"ನಿಮ್ಮ ಫೀಲಿಂಗ್ ಅರ್ಥ ಆಗುತ್ತೆ. ಆದ್ರೆ ರೆಕಾರ್ಡಲ್ಲಿ ತಲೆ ಆಡಿಸಿರೋದು ಕ್ಲಿಯರ್ ಆಗಿದೆ. ಮತ್ತೆ, ನಡೀವಾಗ ಮೊಬೈಲ್ ಯೂಸ್ ಮಾಡೋದು ನಮ್ಮ ಸೇಫ್ಟಿ ಪಾಲಿಸಿಗೆ ವಿರುದ್ಧ ಅಮ್ಮಾ. ಅದು ಅವರ ಅಜಾಗರೂಕತೆ ಆಗುತ್ತೆ."

ಗಂಗಮ್ಮ ಮರಿಯಮ್ಮನ ಮುಖ ನೋಡಿದರು. "ನಡೀವಾಗ ಕೂಗಿದ್ದು ಯಾರವ್ವ, ನಮ್ ತಾತನಾ?" ಎಂದರು. ಅಷ್ಟರಲ್ಲಿ ಮೇಡಂಗೆ ಬೇರೆ ಮೀಟಿಂಗು ಬಂತು.

ಈ ಮಾತುಕತೆಯನ್ನು ಮತ್ತೊಮ್ಮೆ ನಿಧಾನವಾಗಿ ಓದಬೇಕು. ನಡೆಯುವಾಗ ಕೂಗುವವರು ಇವರೇ. ಉತ್ತರಿಸದಿದ್ದರೆ ನಂಬರು ಇಳಿಸುವವರು ಇವರೇ. ಉತ್ತರಿಸಿ ಬಿದ್ದರೆ, ನಡೆಯುವಾಗ ಯಾಕೆ ಉತ್ತರಿಸಿದೆ ಎಂದು ಕೇಳುವವರೂ ಇವರೇ. ಬಿದ್ದವಳ ನರಳಾಟವನ್ನು ಒಪ್ಪಿಗೆಯೆಂದು ಬರೆದುಕೊಂಡು, ಅದೇ ಒಪ್ಪಿಗೆಯನ್ನು ಅವಳು ನರಳಲಿಲ್ಲ ಎನ್ನುವುದಕ್ಕೆ ಸಾಕ್ಷಿ ಮಾಡುತ್ತಾರೆ. ಊರ ಗೌಡ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಕಾಲದಲ್ಲಿ ಒತ್ತುವವಳಿಗೆ ತಾನು ಒತ್ತುತ್ತಿದ್ದೇನೆ ಎಂದಾದರೂ ಗೊತ್ತಿರುತ್ತಿತ್ತು. ಕಾನೂನಿಗೆ ಹೋಗೋಣವೆಂದರೆ, ಕಂಪನಿಯ ಕಾಗದದಲ್ಲಿ ಇವರು ಕೂಲಿಯವರಲ್ಲ, ನೌಕರರಲ್ಲ, ‘ಪಾರ್ಟ್‌ನರ್’ಗಳು. ಪಾಲುದಾರರಂತೆ. ವನಜಾ ಪಾಲಿಗೆ ಬಂದದ್ದು ಮುರಿದ ಕತ್ತು.

ಮೋರಿಗೆ ಎಸೆದ ಗುಗ್ಗೆಯನ್ನು ಯಾವಾಗ ಹಿಂದಿರುಗಿಸುತ್ತೀರಿ ಎಂದೂ ಆಫೀಸಿನಿಂದ ಕೇಳಿಕೆ ಬಂತು.

ಮುಂದಿನ ಸೋಮವಾರ ಲಾರಿಯ ಬಳಿ ಸೇರಿದ ಹೆಂಗಸರ ಕಿವಿಯಲ್ಲಿ ದನಿ ಹೊಸ ಪಾಠ ಒಪ್ಪಿಸಿತು. ‘ನಡೆಯುವಾಗ ಮೊಬೈಲ್ ಬಳಸುವುದಿಲ್ಲವೆಂದು ಒಪ್ಪುತ್ತೀರಾ? ಒಪ್ಪಿಗೆಗೆ ತಲೆಯಾಡಿಸಿ.’ ಆಡಿಸಿದರೆ ಮಾತ್ರ ಆ ದಿನದ ಕೆಲಸ ತೆರೆದುಕೊಳ್ಳುತ್ತದೆ. ತಲೆಯ ಮೇಲೆ ಇನ್ನೂ ಕ್ರೇಟು ಏರಿರಲಿಲ್ಲ, ಆಡಿಸುವುದು ಕಷ್ಟವೇನೂ ಅಲ್ಲ. ಇಬ್ಬರು ಮೂವರು ಆಡಿಸಿಯೂ ಬಿಟ್ಟರು. ಮರಿಯಮ್ಮ ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಯಾಕಕ್ಕ, ಕಾಲ್ನೋವಾ?" ಎಂದ ಮುತ್ತಣ್ಣ.

"ಇಲ್ಲ ಕಣಣ್ಣ. ಇವತ್ತು ಇದ್ಕೆ ಹೂಂ ಅಂದ್ರೆ, ನಾಳೆ ನಾನು ಬಿದ್ದಾಗ, ನೀನೇ ಒಪ್ಕಂಡಿದ್ದೆ ಅಂತಾರೆ. ವನಜಂಗೂ ಅಂಗೇ ಅಂದ್ರಲ್ಲ."

ಗಂಗಮ್ಮ ಬಂದು ಪಕ್ಕದಲ್ಲಿ ಕೂತರು. ಆಮೇಲೆ ಒಬ್ಬೊಬ್ಬರೇ. ತಲೆಯಾಡಿಸಿದ್ದವರು ಗುಗ್ಗೆಯನ್ನು ಕಿವಿಯಿಂದ ತೆಗೆದು ಸೆರಗಿನ ಗಂಟಿಗೆ ಹಾಕಿಕೊಂಡರು. ಘೋಷಣೆ ಇಲ್ಲ, ಬಾವುಟವಿಲ್ಲ. ಯಾವ ಸಂಘದವರೂ ಬಂದಿರಲಿಲ್ಲ. ಹೆಂಗಸರು ಎಲೆಅಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಎದುರಿಗೆ ಕ್ರೇಟುಗಳ ಗೋಪುರ. ಸೊಪ್ಪಿನ ಮೇಲೆ ಚಿಮುಕಿಸಿದ್ದ ನೀರು ಆರುತ್ತ ಬಂತು.

ನಿದ್ದೆಗಣ್ಣಿನಲ್ಲೇ ಬೈಕು ಹತ್ತಿ ಲಿಖಿತ್ ಬಂದ. ಅವನ ಫೋನು ನಿಲ್ಲದೆ ಹೊಡೆದುಕೊಳ್ಳುತ್ತಿತ್ತು.

"ಮರಿಯಕ್ಕ, ಏನಿದು. ಪಿ.ಜಿ.ಲಿ ಟಿಫನ್ ಲೇಟಾಗ್ತಿದೆ, ನಮ್ಮಪ್ಪನೇ ನಂಗೆ ಬೈತಿದಾರೆ. ಸುಮ್ನೆ ಒಂದ್ಸಲ ತಲೆ ಆಡ್ಸಿಬಿಡು ಅಕ್ಕ. ಅದರಲ್ಲೇನಿದೆ, ಬರೀ ಫಾರ್ಮಾಲಿಟಿ."

"ಲಿಕ್ಕಿ, ನಿನ್ ಕತ್ತು ನಿಲ್ಲದ ವಯಸ್ನಾಗೆ ನಿನ್ನ ಎತ್ಕಂಡಿವ್ನಿ ಕಣಪ್ಪ. ಆಗ ನಿನ್ ತಲೆ ಇಂಗಿಂಗೆ ಆಡ್ತಾನೇ ಇರದು. ನೀನು ಯಾವ್ದುಕ್ಕೆ ಒಪ್ಕಂಡಿದ್ದೆ ಆಗ?"

ಹೆಂಗಸರೆಲ್ಲ ನಕ್ಕರು. ಲಿಖಿತನೂ ನಕ್ಕುಬಿಟ್ಟ, ಆಮೇಲೆ ನಗಬಾರದಿತ್ತು ಎನಿಸಿ ಫೋನು ಕಿವಿಗಿಟ್ಟುಕೊಂಡು ಅತ್ತ ಹೋದ. ಅಷ್ಟರಲ್ಲಿ ಪಿ.ಜಿ.ಗಳ ಅಡುಗೆಯವರು ಒಬ್ಬೊಬ್ಬರಾಗಿ ಲಾರಿಯ ಬಳಿಗೇ ಬರತೊಡಗಿದ್ದರು. ಪಲಾವಿಗೆ ಬೀನ್ಸಿಲ್ಲ, ಚಟ್ನಿಗೆ ಹಸಿಮೆಣಸಿನಕಾಯಿಯಿಲ್ಲ. ಒಬ್ಬ ಅಡುಗೆಯವನು ತಾನೇ ಹೊರುತ್ತೇನೆಂದು ಕ್ರೇಟು ತಲೆಗೇರಿಸಿಕೊಂಡು ಎರಡು ಕಟ್ಟಡ ದಾಟುವಷ್ಟರಲ್ಲಿ ಇಳಿಸಿ ಕೂತ. ಮತ್ತೆ ಎತ್ತಿಕೊಡುವವರಿಲ್ಲದೆ ಅಲ್ಲೇ ಕೂತಿದ್ದ. ಕ್ರೇಟು ಇಳಿಸಲು ಒಬ್ಬರು ಸಾಕು, ಎತ್ತಲು ಇಬ್ಬರು ಬೇಕು. ಹೀಗಿರುವಾಗ ದಾರಿಯಲ್ಲಿ ಹೊರೆ ಇಳಿಸಿ ಫೋನು ನೋಡಿ ಎನ್ನುವುದೂ ಆಗದ ಮಾತು.

ಬಿಸಿಲು ಬರುವ ಹೊತ್ತಿಗೆ ಆ ಪ್ರಶ್ನೆ ಆ್ಯಪಿನಿಂದ ಮಾಯವಾಯಿತು. ‘ತಾಂತ್ರಿಕ ದೋಷಕ್ಕಾಗಿ ವಿಷಾದಿಸುತ್ತೇವೆ’ ಎಂದು ಸಂದೇಶ ಬಂತು. ಹೆಂಗಸರು ಎದ್ದು ಸಿಂಬೆ ಸುತ್ತಿಕೊಂಡರು. ಅವತ್ತು ಐಟಿ ಪಾರ್ಕಿನ ಎಷ್ಟೋ ಮಂದಿ ಬರೀ ಉಪ್ಪಿಟ್ಟು ತಿಂದು ಕೆಲಸಕ್ಕೆ ಹೋದರು. ಯಾಕೆಂದು ಅವರಲ್ಲಿ ಎಷ್ಟು ಜನ ಕೇಳಿದರೋ ತಿಳಿಯದು.

ಗೆದ್ದರೆಂದು ಬರೆಯುವ ಆಸೆ ಆಗುತ್ತದೆ. ಆದರೆ ಹಾಗೆ ಬರೆಯಲು ಬರುವುದಿಲ್ಲ. ನಡೆಯುವಾಗ ಕಿವಿಯಲ್ಲಿ ಕೂಗುವುದು ನಿಂತಿಲ್ಲ. ತಲೆಯಾಡಿಸದವರ ನಂಬರು ಇಳಿಯುವುದೂ ನಿಂತಿಲ್ಲ. ಮಕ್ಕಳ ಶಾಲೆ, ಬಾಡಿಗೆ ಎಂದು ಕೆಲವರು ಮತ್ತೆ ಆಡಿಸತೊಡಗಿದ್ದಾರೆ. ಮೊದಲಿಗಿಂತ ಹುಷಾರಾಗಿ, ಗೋಡೆಗೆ ಒರಗಿ ನಿಂತು, ಕ್ರೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಮರಿಯಮ್ಮ ಅವರನ್ನು ಬೈಯುವುದಿಲ್ಲ. "ಅವ್ರ ಒಟ್ಟೆ ಅವ್ರದು," ಎನ್ನುತ್ತಾರೆ. ತಾವು ಮಾತ್ರ ಲಾರಿಗೆ ಹಿಂದಿರುಗಿ, ಹೊರೆಯಿಲ್ಲದೆ ನಿಂತಾಗ ಬಂದ ಕೆಲಸವನ್ನಷ್ಟೇ ಒಪ್ಪಿಕೊಳ್ಳುತ್ತಾರೆ. ಸಿಗುವುದು ಮೊದಲಿನ ಅರ್ಧ.

ಕಳೆದ ಭಾನುವಾರ ಮಧ್ಯಾಹ್ನ ಮರಿಯಮ್ಮ ವನಜಾ ತಲೆ ಬಾಚುತ್ತಿದ್ದರು. ಕೊರಳಪಟ್ಟಿಯಿಂದಾಗಿ ಆಕೆಗೆ ಕೈ ಮೇಲೆತ್ತಲು ಆಗುವುದಿಲ್ಲ. ಅಕ್ಕನ ಮನೆಯ ಒಂದೇ ಕೋಣೆ, ಶೀಟಿನ ಮಾಡು. ಬಾಗಿಲಲ್ಲಿ ಲಿಖಿತ್ ಬಂದು ನಿಂತ. ಕೈಯಲ್ಲಿ ಕಿತ್ತಳೆ ಹಣ್ಣಿನ ಕವರು.

"ವನಜಕ್ಕ, ಒಳ್ಳೆ ಸುದ್ದಿ ತಂದಿದೀನಿ. ಆಸ್ಪತ್ರೆ ಖರ್ಚೆಲ್ಲ ಆಫೀಸ್ ಕೊಡುತ್ತಂತೆ. ಮಾನವೀಯತೆ ಮೇಲೆ. ನಾನೂ ತುಂಬಾ ಹೇಳ್ದೆ ಅಕ್ಕ, ನಿಜವಾಗ್ಲೂ. ಒಂದೇ ಒಂದು, ನೀವೊಂದು ಒಪ್ಪಿಗೆ ಕೊಡ್ಬೇಕು. ನಾನು ಓದ್ತೀನಿ. ಬಿದ್ದಿದ್ದು ನನ್ನ ಅಜಾಗರೂಕತೆಯಿಂದ, ಕಂಪನಿ ಹೊಣೆ ಅಲ್ಲ ಅಂತ. ತಲೆ ಆಡ್ಸೋಕಾಗಲ್ಲ ನಿಮ್ಗೆ, ಗೊತ್ತು. ಬಾಯಲ್ಲಿ ಹೂಂ ಅಂದ್ರೆ ರೆಕಾರ್ಡ್ ಆಗುತ್ತೆ."

ಬಾಗಿಲ ಬಳಿ ನಿಂತಿದ್ದ ಅಕ್ಕನ ಕಿವಿಗಳು ಬೋಳಾಗಿದ್ದವು, ಓಲೆಯ ತೂತುಗಳಿಗೆ ಪೊರಕೆಕಡ್ಡಿ ಸಿಕ್ಕಿಸಿದ್ದರು. ಮರಿಯಮ್ಮ ಬಾಚಣಿಗೆಯನ್ನು ಕೂದಲಲ್ಲೇ ನಿಲ್ಲಿಸಿದರು. ಬೇಡ ಕಣೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತಂತೆ. "ಎಂಗೆ ಅನ್ನದು ಸಾರ್? ಓಲೆ ಓಗಿರದು ಅವ್ರಕ್ಕಂದು. ಕತ್ತು ಓಗಿರದು ಅವ್ಳದು. ನಾನು ಯಾರು ಏಳಾಕೆ? ಬಾಯ್ಮುಚ್ಕಂಡಿದ್ದೆ."

ವನಜಾ ನಿಧಾನವಾಗಿ ಕೇಳಿದರು. "ಅಣ್ಣ, ಅದ್ರಲ್ಲಿ ನಾನು ಬಿದ್ದ ಮೇಲೆ ಎರಡು ಆರ್ಡರ್ ಒಪ್ಪಿದ್ದು ಅಂತಿದ್ಯಲ್ಲ. ಅದನ್ನ ಅಳಿಸ್ತಾರಾ?"

"ಅದು ಅಳ್ಸೋಕೆ ಬರಲ್ಲ ಅಕ್ಕ. ಒಂದ್ಸಲ ರೆಕಾರ್ಡ್ ಆದ್ಮೇಲೆ ಆಯ್ತು. ಅದ್ರಿಂದ ನಿಮ್ಗೇನು ತೊಂದ್ರೆ, ದುಡ್ಡು ಬರುತ್ತಲ್ಲ."

"ನಾನು ಒಪ್ಪಿರ್ಲಿಲ್ಲ."

"ಗೊತ್ತು ಅಕ್ಕ. ನಂಗೆ ಗೊತ್ತು."

"ನಿಂಗೆ ಗೊತ್ತಿದ್ರೆ ಅಲ್ಲಿ ಬರ್ಸು. ಇದ್ಕೂ ನಾನು ಒಪ್ಪಲ್ಲಣ್ಣ. ಇಲ್ಲ."

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ತಂಗಿಯನ್ನು ಬೈಯಲಿಲ್ಲ. ಲಿಖಿತ್ ಫೋನು ನೋಡಿದ. ಪರದೆಯ ಮೇಲೆ ಎರಡೇ ಗುಂಡಿಗಳಿದ್ದವು. ಒಂದರಲ್ಲಿ ‘ಒಪ್ಪಿದೆ’, ಇನ್ನೊಂದರಲ್ಲಿ ‘ಆಮೇಲೆ’. ‘ಇಲ್ಲ’ ಎನ್ನುವ ಗುಂಡಿಯನ್ನು ಮಾಡಿದವರು ಇಟ್ಟಿರಲೇ ಇಲ್ಲ. ಅವನು ‘ಆಮೇಲೆ’ ಒತ್ತಿ, ಕಿತ್ತಳೆ ಹಣ್ಣನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದ.

ನಿಮಗೇನು ಬೇಕು ಎಂದು ಕೇಳಿದರೆ ಮರಿಯಮ್ಮ ತಮ್ಮ ನಂಬರಿನ ಮಾತೆತ್ತುವುದಿಲ್ಲ, ಮೂರನೇ ಮಹಡಿಗಳ ಮಾತೆತ್ತುವುದಿಲ್ಲ. ಸಿಂಬೆಯ ಬಟ್ಟೆಯನ್ನು ಒದರಿ ಮಡಿಸುತ್ತಾರೆ.

"ಅವ್ಳು ಬಾಯ್ಬಿಟ್ಟು ಇಲ್ಲ ಅಂದ್ಳು ಸಾರ್. ನಾನು ಕೇಳಿಸ್ಕಂಡೆ, ಅವ್ರಕ್ಕ ಕೇಳಿಸ್ಕಂಡ್ಳು, ಆ ಉಡ್ಗ ಕೇಳಿಸ್ಕಂಡ. ಆ ಫೋನ್ನಾಗೆ ಅದ್ಕೆ ಜಾಗ ಇಲ್ವಂತೆ. ನಿಮ್ ಪೇಪರ್ನಾಗೆ ಐತಾ?"